ಇಪ್ಪತ್ನಾಲ್ಕು ಕಣ್ಣುಗಳ ದ್ವೀಪದಲ್ಲಿ...

1954. ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಜಪಾನಿನಲ್ಲಿ ತೆರೆಕಂಡ ವರ್ಷ. ಕತ್ತಿ, ಕುದುರೆ, ಮಳೆಯಲ್ಲಿ ಕಾದಾಟ... ಆ ಚಿತ್ರದ ಹೆಸರು ಕೇಳದ ಸಿನಿಮಾ ಹುಚ್ಚರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ವರ್ಷ ಅಲ್ಲಿನ ಹೆಸರಾಂತ ಸಿನಿಮಾ ಪತ್ರಿಕೆ ‘ಕಿನೆಮಾ ಜುಂಪೊ’ ಮೊದಲ ಸ್ಥಾನ ಕೊಟ್ಟದ್ದು ಯಾರಿಗೆ ಗೊತ್ತೇ? ಸಮುರಾಯ್‌ಗಳಿಗೆ ಅಲ್ಲ ಸ್ವಾಮಿ, ಅವರಿಗೆ ಸಿಕ್ಕಿದ್ದು ಮೂರನೆಯದು. ಮೊದಲ ಸ್ಥಾನ ಹೊಡೆದುಕೊಂಡು ಹೋದದ್ದು ಸೈಕಲ್ ತುಳಿಯುವ ಒಬ್ಬ ಪ್ರೈಮರಿ ಸ್ಕೂಲ್ ಟೀಚರಮ್ಮ!

ಚಿತ್ರದ ಹೆಸರು ‘ಇಪ್ಪತ್ನಾಲ್ಕು ಕಣ್ಣುಗಳು’. ನಿರ್ದೇಶಕ ಕೆಯ್ಸುಕೆ ಕಿನೋಶಿತಾ. ಹನ್ನೆರಡು ಮಕ್ಕಳು, ಇಪ್ಪತ್ನಾಲ್ಕು ಕಣ್ಣು, ಲೆಕ್ಕ ಸರಿಯಾಯಿತಲ್ಲ? ಚಿತ್ರೀಕರಣ ನಡೆದದ್ದು ಶೋದೋಶಿಮಾ ಎಂಬ ದ್ವೀಪದಲ್ಲಿ. ಒಸಾಕಾದಲ್ಲಿ ಕೆಲಸಕ್ಕಿರುವ ನಮ್ಮ ಚಿಕ್ಕಪ್ಪನ ಮಗನ ಕೃಪೆಯಿಂದ ನಾನು ಆ ದ್ವೀಪಕ್ಕೆ ಹೋಗಿ ಎರಡು ದಿನ ಅಲೆದು ಬಂದೆ. ಅಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಜಾಗಗಳ ಸುದ್ದಿ ಇದು.

ತಕಾಮತ್ಸು ಬಂದರಿನಿಂದ ದೊಡ್ಡ ಹಡಗಿನಲ್ಲಿ ಒಂದು ಗಂಟೆ. ಸಮುದ್ರವೋ, ಕೆರೆಯೋ ಅನ್ನುವಷ್ಟು ಶಾಂತ ನೀರು. ತೋನೊಶೊ ಬಂದರಿನಲ್ಲಿ ಇಳಿದ ಕೂಡಲೇ ಎದುರಿಗೆ ಯಾರ ಪ್ರತಿಮೆ ಅಂತೀರಿ? ರಾಜನದಲ್ಲ, ಸೇನಾಪತಿಯದಲ್ಲ. ಅದೇ ಟೀಚರ್ ಓಯಿಶಿ, ಸುತ್ತ ಅವಳ ಹನ್ನೆರಡು ಮಕ್ಕಳು! ಒಂದು ಕಥೆಯ ಪಾತ್ರಗಳಿಗೆ ಬಂದರಿನ ಎದುರಲ್ಲೇ ಇಂಥ ಮರ್ಯಾದೆ.

ಇನ್ನೊಂದು ಮಜಾ ಕೇಳಿ. ಮೂಲ ಕಾದಂಬರಿ ಬರೆದ ಸಕಾಯೆ ತ್ಸುಬೋಯಿ ಹುಟ್ಟಿದ್ದು ಇದೇ ದ್ವೀಪದಲ್ಲಿ, 1899ರಲ್ಲಿ. ಆದರೂ ಆಕೆ ಕಾದಂಬರಿಯಲ್ಲಿ ದ್ವೀಪದ ಹೆಸರೇ ಹೇಳಿಲ್ಲ. ಒಳಸಮುದ್ರದ ದಡದ ಒಂದು ಬಡ ಹಳ್ಳಿ, ಅಷ್ಟೇ. ಆ ಹಳ್ಳಿಯನ್ನು ಶೋದೋಶಿಮಾ ಮಾಡಿದ್ದು ಸಿನಿಮಾ!

ಪೊರಕೆ ಸವಾರಿ, ದೇವತೆಗಳ ಹಾದಿ

ತೋನೊಶೊ ಊರಿನಲ್ಲೇ ಪ್ರಪಂಚದ ಅತಿ ಕಿರಿದಾದ ಜಲಸಂಧಿ ಇದೆ. ತೀರಾ ಇಕ್ಕಟ್ಟಾದ ಕಡೆ ಅಗಲ 9.93 ಮೀಟರ್! ಗಿನ್ನೆಸ್ ಪುಸ್ತಕದಲ್ಲೂ ಸೇರಿದೆ. ಸೇತುವೆ ಮೇಲೆ ನಾಲ್ಕು ಹೆಜ್ಜೆ ಹಾಕಿ, ಪುರಸಭೆಗೆ ಹೋಗಿ ದುಡ್ಡು ಕಟ್ಟಿದರೆ “ದಾಟಿದ್ದಾನೆ” ಅಂತ ಸರ್ಟಿಫಿಕೇಟ್ ಕೊಡ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಸುಲಭವಾಗಿ ಸಿಕ್ಕ ಸರ್ಟಿಫಿಕೇಟ್ ಅಂದರೆ ಅದೊಂದೇ.

ಸ್ವಲ್ಪ ದೂರದಲ್ಲಿ ‘ಏಂಜೆಲ್ ರೋಡ್’. ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿದಾಗ ಮರಳಿನ ದಾರಿಯೊಂದು ಮೇಲೆದ್ದು ಪಕ್ಕದ ಪುಟ್ಟ ದ್ವೀಪಗಳಿಗೆ ನಡೆದು ಹೋಗಬಹುದು. ಪ್ರೇಮಿಗಳು ಕೈ ಕೈ ಹಿಡಿದು ದಾಟಿದರೆ ಅಂದುಕೊಂಡದ್ದು ಆಗುತ್ತದಂತೆ. ನಾನು ನನ್ನ ಬ್ಯಾಗಿನ ಕೈ ಹಿಡಿದು ದಾಟಿದೆ. ಫಲ ಇನ್ನೂ ಸಿಕ್ಕಿಲ್ಲ!

ಆಲಿವ್ ತೋಟದಲ್ಲಿ ಇನ್ನೊಂದು ತಮಾಷೆ. 1908ರಲ್ಲಿ ಜಪಾನ್ ಸರ್ಕಾರ ಮೂರು ಕಡೆ ಆಲಿವ್ ಸಸಿ ನೆಟ್ಟು ನೋಡಿತು, ನೆಲೆಯೂರಿದ್ದು ಇಲ್ಲಿ ಮಾತ್ರ. ಈಗ ಅಲ್ಲಿಗೆ ಹುಡುಗ ಹುಡುಗಿಯರು ಬರುವುದು ಪೊರಕೆಗಾಗಿ! 2014ರ ‘ಕಿಕಿಸ್ ಡೆಲಿವರಿ ಸರ್ವಿಸ್’ ಚಿತ್ರದ ಶೂಟಿಂಗ್ ಆದದ್ದು ಈ ದ್ವೀಪದಲ್ಲೇ. ಅದರ ನಾಯಕಿ ಪೊರಕೆ ಮೇಲೆ ಹಾರುವ ಮಾಟಗಾತಿ ಹುಡುಗಿ. ತೋಟದವರೇ ಪೊರಕೆ ಕೊಡ್ತಾರೆ, ಕಾಲ ಸಂದಿಗೆ ಸಿಕ್ಕಿಸಿಕೊಂಡು ಎಗರಿ ಫೋಟೋ ತೆಗೆಸಿಕೊಳ್ಳೋದು. ಗಂಭೀರ ಮುಖದ ದೊಡ್ಡವರೂ ಎಗರುತ್ತಾರೆ.

ಕಂಕಾಕೇ ಕಣಿವೆಯ ರೋಪ್‌ವೇ ಚೆನ್ನಾಗಿದೆ. ನಾಲ್ಕು ಶತಮಾನಗಳಿಂದ ಸೋಯಾ ಸಾಸ್ ಮಾಡುವ ಊರುಗಳ ಘಮವೂ ಚೆನ್ನಾಗಿದೆ. ಅವೆಲ್ಲ ಯಾವ ಪ್ರವಾಸಿ ಪುಸ್ತಕದಲ್ಲಾದರೂ ಸಿಗುತ್ತವೆ, ಬಿಡಿ. ನಾನು ಹೋದದ್ದು ಶಾಲೆ ನೋಡಲು.

ಅಸಲಿ ಶಾಲೆ, ಸೆಟ್ಟಿನ ಶಾಲೆ

ತೋನೊಶೊದಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ದ್ವೀಪದ ಇನ್ನೊಂದು ಮೂಲೆಯ ಮಿಸಾಕಿ ಭೂಶಿರ. 1902ರಲ್ಲಿ ಕಟ್ಟಿದ ಮರದ ಶಾಲೆ. ಪುಟ್ಟ ಬೆಂಚು, ಕಪ್ಪು ಹಲಗೆ, ಕಿಟಕಿಯಾಚೆ ಸಮುದ್ರ. ಕಾದಂಬರಿಗೆ ಮಾದರಿಯಾದದ್ದೂ ಇದೇ, 1954ರ ಚಿತ್ರದಲ್ಲಿ ಬರುವುದೂ ಇದೇ. 1971ರಲ್ಲಿ ಶಾಲೆ ಮುಚ್ಚಿತು. ಬೆಂಚು, ಹಲಗೆ ಮಾತ್ರ ಹಾಗೇ ಉಳಿದಿವೆ.

ಹತ್ತು ನಿಮಿಷ ನಡೆದರೆ ಇನ್ನೊಂದು ಶಾಲೆ! ಇದು ಸೆಟ್ಟು. ಇದೇ ಕಥೆ 1987ರಲ್ಲಿ ಮತ್ತೆ ಚಿತ್ರವಾಯಿತು; ‘ಓಶಿನ್’ ಧಾರಾವಾಹಿಯ ಯುವತಿ ಓಶಿನ್, ಯೂಕೊ ತನಾಕಾ, ಟೀಚರ್ ಆದಳು. ಆ ಚಿತ್ರಕ್ಕೆ ಹಾಕಿದ ಸೆಟ್ಟನ್ನು ಕೀಳದೆ ‘ಸಿನಿಮಾ ಹಳ್ಳಿ’ ಅಂತ ಉಳಿಸಿಕೊಂಡಿದ್ದಾರೆ. ಅಸಲಿ ಶಾಲೆಯಲ್ಲಿ ಗವ್ವೆನ್ನುವ ಮೌನ. ಸೆಟ್ಟಿನಲ್ಲಿ ಜನವೋ ಜನ. ಹಳೇಕಾಲದ ಶಾಲೆಯ ಮಧ್ಯಾಹ್ನದ ಊಟವನ್ನು ಅಲ್ಯುಮಿನಿಯಂ ತಟ್ಟೆಯಲ್ಲಿ ಹಾಕಿ ಮಾರುತ್ತಾರೆ. ಚಪ್ಪರಿಸಿ ತಿಂದೆ.

ಗಾಸಿಪ್ ಪ್ರಿಯರಿಗೆ ಒಂದು ತುಣುಕು: ಮೊದಲ ಚಿತ್ರದಲ್ಲಿ ಟೀಚರ್ ಆಗಿದ್ದ ಮಹಾತಾರೆ ಹಿದೇಕೊ ತಕಾಮಿನೆ ಮರುವರ್ಷವೇ, 1955ರಲ್ಲಿ, ಮದುವೆಯಾದದ್ದು ಯಾವ ಕೋಟ್ಯಧೀಶನನ್ನೂ ಅಲ್ಲ, ಇದೇ ಚಿತ್ರದ ಸಹಾಯಕ ನಿರ್ದೇಶಕ ಝೆಂಜೊ ಮತ್ಸುಯಾಮಾನನ್ನು! ಅಸಿಸ್ಟೆಂಟ್ ಡೈರೆಕ್ಟರ್ ಮಿತ್ರರೇ, ಧೈರ್ಯವಾಗಿರಿ. 2010ರಲ್ಲಿ ಆಕೆ ತೀರಿಕೊಳ್ಳುವ ತನಕ ಇಬ್ಬರೂ ಜೊತೆಗೇ ಇದ್ದರು.

ಸೆಟ್ಟಿನ ಹಳ್ಳಿಯಲ್ಲಿ ಒಂದು ಪುಟ್ಟ ಟಾಕೀಸಿದೆ. ಅಲ್ಲಿ ದಿನಾ ಓಡುವುದು ‘ಇಪ್ಪತ್ನಾಲ್ಕು ಕಣ್ಣುಗಳು’. ಈ ದ್ವೀಪದಲ್ಲಿ ನನ್ನ ಅಚ್ಚುಮೆಚ್ಚಿನ ಜಾಗ ಅದೇ.

ಕಥೆ 1928ರಿಂದ 1946ರ ತನಕ. ಚಿಕ್ಕ ಮಕ್ಕಳು ಬೆಳೆದು ದೊಡ್ಡವರಾದಾಗಲೂ ಅವೇ ಮುಖ! ಮೇಕಪ್ಪಲ್ಲ, ಕಿನೋಶಿತಾ ಹೋಲಿಕೆ ಇರುವ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಹುಡುಕಿ ಹಾಕಿಕೊಂಡಿದ್ದ. ಅದಕ್ಕೇ ಮುಂದಿನದು ಕರುಳು ಹಿಂಡುತ್ತದೆ. ಐವರು ಹುಡುಗರಲ್ಲಿ ಮೂವರು ಯುದ್ಧದಲ್ಲಿ ಸಾಯುತ್ತಾರೆ. ಒಬ್ಬ ಕುರುಡನಾಗಿ ಮರಳುತ್ತಾನೆ. ಒಂದನೇ ಕ್ಲಾಸಿನಲ್ಲಿ ಎಲ್ಲರೂ ಕೂಡಿ ತೆಗೆಸಿಕೊಂಡ ಫೋಟೋ ಕೈಗೆ ಕೊಟ್ಟರೆ, ಬೆರಳಿಟ್ಟು ಯಾರು ಎಲ್ಲಿ ನಿಂತಿದ್ದಾರೆಂದು ಹೇಳುತ್ತಾ ಹೋಗುತ್ತಾನೆ. ಟಾಕೀಸಿನಲ್ಲಿ ಮೂಗೊರೆಸುವ ಸದ್ದು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಮತ್ಸುಯೆ ಎಂಬ ಹುಡುಗಿ. ಅವಳಿಗೊಂದೇ ಆಸೆ, ಮುಚ್ಚಳದ ಮೇಲೆ ಲಿಲಿ ಹೂವಿನ ಚಿತ್ರವಿರುವ ಊಟದ ಡಬ್ಬಿ. ಅಮ್ಮ ಸಾಯುತ್ತಾಳೆ, ಹುಡುಗಿ ಶಾಲೆ ಬಿಟ್ಟು ತಕಾಮತ್ಸುವಿನ ಹೋಟೆಲಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಶಾಲಾ ಪ್ರವಾಸಕ್ಕೆ ಬಂದ ಟೀಚರ್ ಆಕಸ್ಮಾತ್ ಅದೇ ಹೋಟೆಲಿಗೆ ಬರುತ್ತಾಳೆ. ಹೆಚ್ಚು ಮಾತಿಲ್ಲ. ಟೀಚರ್ ಹೊರಟ ಮೇಲೆ ಹುಡುಗಿ ಬೀದಿಗೆ ಓಡುತ್ತಾಳೆ. ಹಳೇ ಗೆಳತಿಯರು ಕಂಡ ಕೂಡಲೇ ಮರೆಯಾಗಿ ನಿಲ್ಲುತ್ತಾಳೆ. ಆಮೇಲೆ ಹಡಗು ಹೋಗುತ್ತಿದ್ದರೆ ದಡದಲ್ಲಿ ಒಬ್ಬಳೇ ಅಳುತ್ತಾ ನಡೆಯುತ್ತಾಳೆ. ಕಾಲೇಜು ಬಿಟ್ಟ ವರ್ಷ, ಬಸ್ ಸ್ಟ್ಯಾಂಡಿನಲ್ಲಿ ಕ್ಲಾಸ್‌ಮೇಟುಗಳು ಕಂಡರೆ ನಾನೂ ಕಂಬದ ಹಿಂದೆ ನಿಲ್ಲುತ್ತಿದ್ದೆ. ಜಪಾನಿನ ಕಿನೋಶಿತಾಗೆ ಅದು ಹೇಗೆ ಗೊತ್ತಾಯಿತೋ!

ಹೊರಗೆ ಬಂದಾಗ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಮುಂದಿನ ಆಟ ಆಗಲೇ ಶುರುವಾಗುತ್ತಿತ್ತು. ಮತ್ತೆ ಒಳಗೆ ಹೋಗಿ ಕೂತೆ.