ಬಡವರ ಬಾದಾಮಿ: ಗುಣವೂ ಎಚ್ಚರವೂ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ನೀವು ನೋಡಿರಬಹುದು, ಇಲ್ಲವೇ ಅದರ ಬಗ್ಗೆ ಕೇಳಿರಬಹುದು. ಉತ್ತರ ಕರ್ನಾಟಕದವರು ಇದನ್ನೇ ಶೇಂಗಾ ಎನ್ನುತ್ತಾರೆ. ನಮ್ಮ ಮಣ್ಣಿನದೇ ಎನಿಸುವ ಈ ಬೆಳೆಯ ತವರು ಮಾತ್ರ ದೂರದ ದಕ್ಷಿಣ ಅಮೆರಿಕ!

ಕಡಲೆಕಾಯಿ ತೊಗರಿ, ಅವರೆಗಳ ಬಳಗಕ್ಕೆ ಸೇರಿದ ದ್ವಿದಳ ಸಸ್ಯ. ಹೂವು ನೆಲದ ಮೇಲೆ ಅರಳುತ್ತದೆ. ಅನಂತರ ಸೂಜಿಯಂಥ ಕಡ್ಡಿಯೊಂದು ಮಣ್ಣಿಗೆ ಇಳಿದು, ಅದರ ತುದಿಯಲ್ಲಿ ಕಾಯಿ ಬಲಿಯುತ್ತದೆ.

ಇದಕ್ಕೆ 'ಬಡವರ ಬಾದಾಮಿ' ಎಂಬ ಹೆಸರು ಸುಮ್ಮನೆ ಬಂದುದಲ್ಲ. 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 40ರಿಂದ 50 ಗ್ರಾಂ ಕೊಬ್ಬು ಇರುತ್ತವೆ. ಈ ಕೊಬ್ಬಿನ ಬಹುಪಾಲು ಹೃದಯಕ್ಕೆ ಹಿತವಾದ ಅಪರ್ಯಾಪ್ತ ಕೊಬ್ಬು. ಆದರೆ 100 ಗ್ರಾಂ ತಿಂದರೆ 560ಕ್ಕೂ ಹೆಚ್ಚು ಕ್ಯಾಲೊರಿ ದೇಹ ಸೇರುತ್ತದೆ. ಆದ್ದರಿಂದ ದಿನಕ್ಕೆ ಒಂದು ಹಿಡಿ ಸಾಕು.

ನಿಯಾಸಿನ್ ಎಂಬ 'ಬಿ' ಜೀವಸತ್ವವೂ ಇದರಲ್ಲಿ ಧಾರಾಳ. ಅದರ ಕೊರತೆಯಿಂದ ಚರ್ಮ ಒಡೆದು ಕಪ್ಪಾಗುವ ಪೆಲಾಗ್ರ ರೋಗ ಬರುತ್ತದೆ. ಬರಿಯ ಜೋಳವನ್ನೇ ನೆಚ್ಚಿದ್ದ ದಖ್ಖನ್ ಪ್ರದೇಶದ ಬಡವರಲ್ಲಿ ಈ ರೋಗವನ್ನು ವೈದ್ಯರು ಕಂಡಿದ್ದರು. ಜೋಳದ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿ ರುಚಿಗಷ್ಟೇ ಅಲ್ಲ ಎಂಬುದು ಈಗ ತಿಳಿಯಿತಲ್ಲವೇ? ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಅಪೌಷ್ಟಿಕತೆಯ ವಿರುದ್ಧ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಬೆರೆಸಿ ಪೌಷ್ಟಿಕ ಆಹಾರವೊಂದನ್ನು ರೂಪಿಸಿತ್ತು.

ಇನ್ನು ಎಚ್ಚರದ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು, ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟು! ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಶಿಲೀಂಧ್ರ ಸುರಿಸುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಮನೆಯಲ್ಲಿ ಹುರಿದರೂ ಬೇಯಿಸಿದರೂ ಅದು ಪೂರ್ತಿಯಾಗಿ ನಾಶವಾಗದು.

ಹಾಗೆಂದು ಕಡಲೆಕಾಯಿಗೆ ಹೆದರಬೇಕಿಲ್ಲ. ಕಾಯಿಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಇಡಬೇಕು. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಎಸೆಯಬೇಕು. 'ದನಕ್ಕಾದರೂ ಆಗಲಿ' ಎಂದು ಹಾಕಬಾರದು. ಹಸು ತಿಂದ ವಿಷದ ಒಂದು ಅಂಶ ಹಾಲಿನ ಮೂಲಕ ಮತ್ತೆ ನಮ್ಮ ಲೋಟಕ್ಕೇ ಬರುತ್ತದೆ. ಕೆಲವರಿಗೆ ಕಡಲೆಕಾಯಿಯೇ ಒಗ್ಗದೆ ತೀವ್ರ ಅಲರ್ಜಿಯಾಗುವುದುಂಟು. ಅಂಥವರು ಅದನ್ನು ಮುಟ್ಟಲೇಬಾರದು.

ಇಂದು ಸಂಜೆ ಮನೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಕೆಟ್ಟ ಬೀಜಗಳನ್ನು ಆರಿಸಿ ತೆಗೆಯಿರಿ. ಉಳಿದ ಒಳ್ಳೆಯ ಬೀಜಗಳನ್ನು ಒಂದು ತುಂಡು ಬೆಲ್ಲದೊಂದಿಗೆ ಸಂತೋಷವಾಗಿ ತಿನ್ನಿ.