ಅಲಸಂದೆ ಬೇರಿನ ಗಂಟು ಸೀಳಿ ನೋಡಿ, ಆಮೇಲೆ ಯೂರಿಯಾ ಮಾತಾಡೋಣ

ಕೆರಗೋಡಿನ ನಮ್ಮ ಜಮೀನಿನಲ್ಲಿ ಭತ್ತಕ್ಕೆ ಮೊದಲು, ಮುಂಗಾರು ಪೂರ್ವ ಮಳೆಗೆ ಅಲಸಂದೆ ಹಾಕೋದು ಅಪ್ಪನ ಕಾಲದ ರೂಢಿ. ಒಂದು ವರ್ಷ ಬೆಳೆ ಇನ್ನೂ ಹಸಿರಾಗಲಿ ಅಂತ ನಾನು ಯೂರಿಯಾ ಎರಚಿದೆ. ಬಳ್ಳಿ ಚೆನ್ನಾಗಿ ಹಬ್ಬಿತು, ಕಾಯಿ ಮಾತ್ರ ಕಡಿಮೆ. ಗಿಡ ಅಗೆದು ನೋಡಿದರೆ ಬೇರಲ್ಲಿ ಅಲ್ಲೊಂದು ಇಲ್ಲೊಂದು ಗಂಟು, ಸೀಳಿದರೆ ಒಳಗೆ ಬಿಳಿ. ಯೂರಿಯಾ ಬೀಳದ ಬದುವಿನ ಗಿಡದ ಗಂಟು ಸೀಳಿದರೆ ಕೆಂಪು! ಕಾಸು ಕೊಟ್ಟು ನಾನೇ ಒಂದು ಗೊಬ್ಬರದ ಕಾರ್ಖಾನೆ ಮುಚ್ಚಿಸಿದ್ದೆ.

ಆ ಕಾರ್ಖಾನೆ ನಡೆಸೋದು ಗಂಟಿನೊಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾ. ಅದರ ಯಂತ್ರ ನೈಟ್ರೊಜಿನೇಸ್ ಅನ್ನೋ ಪ್ರೋಟೀನು. ಇದಕ್ಕೆ ಎರಡು ಭಾಗ. ಚಿಕ್ಕದರಲ್ಲಿ ಕಬ್ಬಿಣ, ಗಂಧಕ ಇವೆ. ದೊಡ್ಡದರ ಹೃದಯದಲ್ಲಿ 7 ಕಬ್ಬಿಣ, 9 ಗಂಧಕ, 1 ಮಾಲಿಬ್ಡಿನಂ ಪರಮಾಣು, ನಟ್ಟನಡುವೆ ಒಂದು ಇಂಗಾಲ. ಗಾರೆ ಕೆಲಸದಲ್ಲಿ ಬಾಂಡಲಿ ಕೈಯಿಂದ ಕೈಗೆ ದಾಟಿಸುವ ಹಾಗೆ, ಚಿಕ್ಕದು ಒಂದೊಂದೇ ಎಲೆಕ್ಟ್ರಾನನ್ನು ದೊಡ್ಡದಕ್ಕೆ ಕೊಡುತ್ತದೆ. ಎಂಟು ಸಲ ಕೊಟ್ಟಾಗ ಗಾಳಿಯ ಒಂದು ಸಾರಜನಕ ಅಣು ಒಡೆದು ಎರಡು ಅಮೋನಿಯಾ ಆಗುತ್ತದೆ. ಯೂರಿಯಾ ಕಾರ್ಖಾನೆಯಲ್ಲಿ ಇದೇ ಅಮೋನಿಯಾಕ್ಕೆ 400 ಡಿಗ್ರಿಗೂ ಹೆಚ್ಚು ಶಾಖ, ವಿಪರೀತ ಒತ್ತಡ ಬೇಕು. ಇಲ್ಲಿ ಮಣ್ಣಿನ ಬಿಸಿಯೇ ಸಾಕು.

ರಾಗಿ, ಕಬ್ಬಿಗೆ ನಾವು ಬಳಸುವ ಅಜೊಟೊಬ್ಯಾಕ್ಟರ್‌ನಲ್ಲೂ ಈ ಯಂತ್ರ ಇದೆ. ಅಮೆರಿಕದ ಡಗ್ಲಾಸ್ ರೀಸ್ ತಂಡ 1992ರಲ್ಲಿ ದೊಡ್ಡ ಭಾಗದ ರಚನೆ ಬಿಡಿಸಿದ್ದು ಅಜೊಟೊಬ್ಯಾಕ್ಟರ್‌ನಿಂದಲೇ.

ಯಂತ್ರಕ್ಕೆ ಒಂದು ದೌರ್ಬಲ್ಯ ಉಂಟು: ಆಮ್ಲಜನಕ ತಗುಲಿದರೆ ಕೆಟ್ಟೇ ಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಗೆ ಉಸಿರಾಡಲು ಅದೇ ಬೇಕು! ಅದಕ್ಕೇ ಗಿಡ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹೋಲುವ ಕೆಂಪು ಪ್ರೋಟೀನು ಮಾಡಿ, ಆಮ್ಲಜನಕವನ್ನು ಹಿಡಿದಿಟ್ಟು ಅಳತೆಯಲ್ಲಿ ಕೊಡುತ್ತದೆ. ಗಂಟಿನ ಕೆಂಪು ಇದರದೇ.

ಒಂದು ಸಾರಜನಕ ಅಣು ಒಡೆಯಲು ಕನಿಷ್ಠ 16 ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ಚಿಲ್ಲರೆ ಕಾಸು, ಖರ್ಚು. ಆ ಸಕ್ಕರೆಯೆಲ್ಲ ಕೊಡೋದು ಗಿಡ. ಯೂರಿಯಾ ಪುಕ್ಕಟೆ ಸಿಕ್ಕರೆ ಗಿಡ ಯಾಕೆ ಸಕ್ಕರೆ ಕೊಟ್ಟೀತು? ಗಂಟು ಕಟ್ಟೋದೇ ಕಡಿಮೆ ಮಾಡುತ್ತದೆ.

ಈಗ ನಾನು ಮಾಡೋದು ಇಷ್ಟು:

• ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಅನ್ನು ಬೆಲ್ಲದ ಅಂಟು ನೀರಲ್ಲಿ ಹಚ್ಚಿ, ನೆರಳಲ್ಲಿ ಆರಿಸಿ ಅವತ್ತೇ ಬಿತ್ತನೆ. ಅಲಸಂದೆಗೆ ಹೊಂದುವ ತಳಿಯನ್ನೇ ಕೇಳಿ ತರಬೇಕು.
• ಶಿಫಾರಸಿನ ಆರಂಭಿಕ ಗೊಬ್ಬರ ಬಿಟ್ಟರೆ ಮೇಲುಗೊಬ್ಬರವಾಗಿ ಯೂರಿಯಾ ಇಲ್ಲ.
• ನೀರು ನಿಲ್ಲದಂತೆ ಬಸಿಗಾಲುವೆ. ನೀರು ನಿಂತರೆ ಗಂಟಿಗೆ ಉಸಿರಿಲ್ಲ.
• ಬಿತ್ತಿದ 30-35 ದಿನಕ್ಕೆ ನಾಲ್ಕೈದು ಕಡೆ ಗಿಡ ಅಗೆದು (ಕೀಳಬೇಡಿ, ಗಂಟು ಉದುರುತ್ತೆ) ಬೇರು ತೊಳೆದು ಗಂಟು ಸೀಳಿ ನೋಡೋದು. ಕೆಂಪಿದ್ದರೆ ಕೆಲಸ ನಡೀತಿದೆ. ಬಿಳಿ ಅಂದರೆ ಇನ್ನೂ ಎಳೆಯದು ಅಥವಾ ಕೆಲಸ ಮಾಡ್ತಿಲ್ಲ. ಹಸಿರು, ಕಂದು ಅಂದರೆ ಮುಪ್ಪು.

ಸೀಳಿದ ಗಂಟಿನ ಫೋಟೊ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ಮಂಡ್ಯದ ವಿ.ಸಿ. ಫಾರಂಗೆ ಹೋದಾಗ ತೋರಿಸಿ ಕೇಳಬಹುದು. ಗೊಬ್ಬರದಂಗಡಿಗೆ ಹೊರಡೋ ಮೊದಲು ಒಂದು ಗಿಡ ಅಗೆಯಿರಿ, ಅಷ್ಟೇ.