ಪಂಚಕರ್ಮ ಕೇಂದ್ರದ ವಿಮೆ: ನಂಬಿದ್ದು ಒಂದು, ಪಾಲಿಸಿಯಲ್ಲಿರುವುದು ಇನ್ನೊಂದು

ಪಂಚಕರ್ಮ ಕೇಂದ್ರ ತೆರೆಯಹೊರಟವರು ಒಳ್ಳೆಯ ಮರ ಹುಡುಕಿ ದ್ರೋಣಿ ಮಾಡಿಸುತ್ತಾರೆ, ಧಾರಾಪಾತ್ರೆ ತರಿಸುತ್ತಾರೆ, ಎಣ್ಣೆ ಕಾಯಿಸಲು ಬೇರೆಯೇ ಕೋಣೆ ಕಟ್ಟಿಸುತ್ತಾರೆ. ವಿಮೆಯ ಮಾತು ಬರುವುದು ಸಾಲ ಕೊಡುವ ಬ್ಯಾಂಕಿನವರು ಕಾಗದ ಕೇಳಿದಾಗ. ಆಗ ಪರಿಚಯದ ಏಜೆಂಟರಿಗೆ ಫೋನು ಹೋಗುತ್ತದೆ: ‘ಏನಾದರೂ ಒಂದು ಮಾಡಿಕೊಡಿ ಸಾರ್.’ ಆ ‘ಏನಾದರೂ ಒಂದು’ ಹೆಚ್ಚಿನ ಸಲ ಕಟ್ಟಡಕ್ಕೂ ಸಾಮಾನಿಗೂ ಮಾಡಿದ ಬೆಂಕಿ ವಿಮೆ. ಚಿಕಿತ್ಸೆಯಲ್ಲಿ ರೋಗಿಗೆ ಪೆಟ್ಟಾದರೆ ಅದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಹೋಮಿಯೋಪಥಿ, ಯೋಗ ಇವುಗಳನ್ನು ವೃತ್ತಿಯಾಗಿ ನಡೆಸುವವರಿಗೆ ಬೇಕಾದ ಮುಖ್ಯ ಪಾಲಿಸಿಯ ಹೆಸರು ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ವೃತ್ತಿ ಹೊಣೆಗಾರಿಕೆ ವಿಮೆ. ಪ್ರಪೋಸಲ್ ಫಾರ್ಮಿನಲ್ಲಿ ಬರೆದುಕೊಟ್ಟ ಕೆಲಸಕ್ಕೆ ಮಾತ್ರ ಅದು ಬರುತ್ತದೆ. ಬರೆಯದೆ ಮಾಡುವ ಕೆಲಸಕ್ಕೆ ಬರುವುದಿಲ್ಲ. ಕ್ಲೇಮು ಹೊತ್ತಿನ ಜಗಳಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾಗುತ್ತವೆ ಎಂಬುದು ನನ್ನ ಅನಿಸಿಕೆ. ಆದರೂ ಫಾರ್ಮನ್ನು ಏಜೆಂಟರೇ ತುಂಬಿ, ವೈದ್ಯರು ಕೊನೆಯ ಪುಟಕ್ಕೆ ಸಹಿ ಹಾಕುವುದೇ ರೂಢಿ.

‘ಗಿಡಮೂಲಿಕೆ ಕೊಡುವವರ ಮೇಲೆ ಯಾರು ಕೇಸು ಹಾಕುತ್ತಾರೆ?’

ಹಾಕುತ್ತಾರೆ, ಹಾಕಬಹುದು. ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದಿತು. ಹಣ ಪಡೆದು ಕೊಡುವ ಸೇವೆ ಎಂದಾದ ಮೇಲೆ ಮಾತ್ರೆ, ಕಷಾಯ, ಸೂಜಿ ಎಂಬ ಭೇದ ಉಳಿಯುವುದಿಲ್ಲ.

ಗಿಡಮೂಲಿಕೆಯಿಂದ ಏನೂ ಆಗದು ಎಂಬ ಮಾತೂ ಅಷ್ಟೇ ಸಡಿಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಬಿಸಿ ಪೊಟ್ಟಳಿ ಇಟ್ಟರೆ ಸುಟ್ಟದ್ದು ಅವರಿಗೇ ತಿಳಿಯುವುದಿಲ್ಲ. ರಕ್ತದೊತ್ತಡದ ಮಾತ್ರೆ ತಿನ್ನುವ ಮುದುಕರಿಗೆ ವಿರೇಚನ ಹೆಚ್ಚಾದರೆ ನಿರ್ಜಲೀಕರಣವಾಗುತ್ತದೆ. ಅಕ್ಯುಪಂಕ್ಚರ್ ಸೂಜಿ ಎದೆಯ ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶದ ಪೊರೆಗೆ ತೂತು ಬೀಳಬಹುದು. ಸರಿಯಾಗಿ ಶೋಧನೆಯಾಗದ ಭಸ್ಮದಲ್ಲಿ ಸೀಸ, ಪಾದರಸ ಉಳಿದಿರಬಹುದು. ಎಲ್ಲಕ್ಕಿಂತ ಅಪಾಯದ್ದು ‘ಇನ್ಸುಲಿನ್ ನಿಲ್ಲಿಸಿ’ ಎಂಬ ಒಂದು ಬಾಯಿಮಾತು.

‘ನಾನು ಫೀಸು ತೆಗೆದುಕೊಳ್ಳುವುದಿಲ್ಲ, ಕೊಟ್ಟಷ್ಟು ಕಾಣಿಕೆ’ ಎನ್ನುವವರೂ ಇದ್ದಾರೆ. ಯಾರಿಂದಲೂ ಏನನ್ನೂ ಪಡೆಯದೆ ಎಲ್ಲರಿಗೂ ಉಚಿತವಾಗಿ ನೋಡುವವರಿಗೆ ಗ್ರಾಹಕ ಕಾಯ್ದೆ ತಾಗುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಕಡೆ ಉಚಿತದ ರೋಗಿಯೂ ಗ್ರಾಹಕನೇ ಎಂದು ಅದೇ ತೀರ್ಪು ಹೇಳಿದೆ. ಸಿವಿಲ್ ದಾವೆಯ ದಾರಿಯಂತೂ ಯಾವಾಗಲೂ ತೆರೆದೇ ಇರುತ್ತದೆ.

‘ನನ್ನ ಫೀಸೇ ಐನೂರು. ಎಷ್ಟು ಕೇಳಿಯಾರು?’

ಫೀಸಿಗೂ ಪರಿಹಾರಕ್ಕೂ ನಂಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಯಾವ ಆಯೋಗಕ್ಕೆ ಹೋಗಬೇಕೆಂಬುದನ್ನು ರೋಗಿ ಕೊಟ್ಟ ಹಣ ನಿರ್ಧರಿಸುತ್ತದೆ, ಅವನು ಕೇಳುವ ಪರಿಹಾರ ನಿರ್ಧರಿಸುವುದಿಲ್ಲ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. ಅದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎಂಟು ಸಾವಿರಕ್ಕೆ ಒಂದು ವಾರದ ಅಭ್ಯಂಗ, ಸ್ವೇದನ ಮಾಡಿಸಿಕೊಂಡವರು ಶುಲ್ಕ ಕಟ್ಟದೆ ನಲವತ್ತು ಲಕ್ಷ ಕೇಳಬಹುದು, ಅದೂ ತಾವು ವಾಸವಿರುವ ಊರಿನ ಆಯೋಗದಲ್ಲಿ. ಶಿರಸಿಯ ವೈದ್ಯರು ಬೆಂಗಳೂರಿಗೆ ಅಲೆಯಬೇಕಾಗಬಹುದು.

ಮೊತ್ತ ಆರಿಸುವಾಗ ಏಜೆಂಟರು ಹೇಳುವ ದೊಡ್ಡ ಅಂಕಿಯೊಂದನ್ನೇ ನೋಡಬೇಡಿ. ಶೆಡ್ಯೂಲಿನಲ್ಲಿ ‘ಎಒಎ:ಎಒವೈ’ ಎಂಬ ಅನುಪಾತ ಇರುತ್ತದೆ. ಮೊದಲನೆಯದು ಒಂದು ಘಟನೆಗೆ ಸಿಗುವ ಗರಿಷ್ಠ ಹಣ, ಎರಡನೆಯದು ಇಡೀ ವರ್ಷದ್ದು. ವರ್ಷಕ್ಕೆ 40 ಲಕ್ಷ, ಅನುಪಾತ 1:4 ಎಂದಿದ್ದರೆ ಒಂದು ಪ್ರಕರಣಕ್ಕೆ ಸಿಗುವುದು ಹೆಚ್ಚೆಂದರೆ 10 ಲಕ್ಷ. ಒಬ್ಬರೇ ನಡೆಸುವ ಚಿಕಿತ್ಸಾಲಯಕ್ಕೆ ವರ್ಷದಲ್ಲಿ ನಾಲ್ಕು ದೊಡ್ಡ ಕೇಸು ಬರುವುದಕ್ಕಿಂತ ಒಂದು ಬರುವ ಸಂಭವವೇ ಹೆಚ್ಚು. ಹಾಗಾಗಿ ಪ್ರೀಮಿಯಂ ಸ್ವಲ್ಪ ಏರಿದರೂ 1:1 ಲೇಸು ಎನ್ನುವವನು ನಾನು. ವಕೀಲರ ಖರ್ಚು ಸಾಮಾನ್ಯವಾಗಿ ಇದೇ ಮಿತಿಯೊಳಗೆ ಕಳೆಯುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಬೇಕು. ಎಕ್ಸೆಸ್ ಎಂಬ, ಕ್ಲೇಮಿನ ಮೊದಲ ಭಾಗ ನಿಮ್ಮ ಕೈಯಿಂದಲೇ ಹೋಗುತ್ತದೆ.

‘ಡಿಗ್ರಿ ಇದೆ, ರಿಜಿಸ್ಟ್ರೇಷನ್ ಇದೆ, ಪಾಲಿಸಿಯೂ ಇದೆ’

ಪಾಲಿಸಿ ಯಾವ ಪದ್ಧತಿಯ ಹೆಸರಲ್ಲಿದೆ? 1996ರ ಪೂನಂ ವರ್ಮಾ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಹೋಮಿಯೋಪಥಿ ಡಿಪ್ಲೊಮಾ ಇದ್ದವರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟರು, ರೋಗಿ ತೀರಿಕೊಂಡ. ತನಗೆ ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು ಸುಪ್ರೀಂ ಕೋರ್ಟು ಹೇಳಿ, ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕಾನೂನಿಗೆ ಹೊರತಾದ ಕೆಲಸವನ್ನು ಈ ವಿಮೆ ಹೊರಗಿಡುತ್ತದೆ. ‘ಹಳ್ಳಿಯಲ್ಲಿ ಒಂದು ಇಂಜೆಕ್ಷನ್ ಕೊಡದಿದ್ದರೆ ಯಾರೂ ಬರುವುದಿಲ್ಲ’ ಎನ್ನುವ ಆಯುರ್ವೇದ ವೈದ್ಯರ ಕಷ್ಟ ನಿಜವೇ ಇರಬಹುದು. ಅದರ ಹೊಣೆಯನ್ನು ವಿಮಾ ಕಂಪನಿ ಹೊರುವುದಿಲ್ಲ.

ತಮ್ಮ ಪದ್ಧತಿಯೊಳಗೇ ಇರುವವರೂ ಫಾರ್ಮಿನಲ್ಲಿ ‘ಆಯುರ್ವೇದ ಸಮಾಲೋಚನೆ’ ಎಂದಷ್ಟೇ ಬರೆದು, ಒಳಗೆ ಜಲೌಕಾವಚರಣ, ಅಗ್ನಿಕರ್ಮ, ಕ್ಷಾರಸೂತ್ರ ಮಾಡುತ್ತಿದ್ದರೆ ಕ್ಲೇಮಿನ ದಿನ ತಕರಾರು ಖಚಿತ. ಮಾಡುವ ಪ್ರತಿಯೊಂದು ಕರ್ಮದ ಹೆಸರನ್ನೂ ಬರೆಯಿರಿ. ಕಂಪನಿಯವರಿಗೆ ಸಂಸ್ಕೃತ ಅರ್ಥವಾಗದಿದ್ದರೆ ಏನು ಮಾಡುತ್ತೀರೆಂದು ಬಿಡಿಸಿ ಬರೆಯಿರಿ: ಜಿಗಣೆ ಕಚ್ಚಿಸುವುದು, ಕಾದ ಲೋಹದಿಂದ ಸುಡುವುದು ಎಂದು. ಪ್ರೀಮಿಯಂ ಏರಿದರೆ ಏರಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿಯ ನೋಂದಣಿಯಲ್ಲಿ ತೋರಿಸಿದ ಸೇವೆಗೂ ಈ ಪಟ್ಟಿಗೂ ತಾಳೆಯಾಗಬೇಕು.

ತೂಕ ಇಳಿಸುವ ಚಿಕಿತ್ಸೆಯನ್ನು ಹಲವು ಪಾಲಿಸಿಗಳು ಹೆಸರಿಸಿಯೇ ಹೊರಗಿಟ್ಟಿರುತ್ತವೆ. ನಮ್ಮ ಎಷ್ಟೋ ಪ್ರಕೃತಿ ಚಿಕಿತ್ಸಾ ಕೇಂದ್ರಗಳ ಬೋರ್ಡಿನಲ್ಲಿ ಮೊದಲ ಸಾಲೇ ತೂಕ ಇಳಿಕೆ! ‘ನೂರಕ್ಕೆ ನೂರು ಗುಣ’ ಎಂಬ ಭರವಸೆಯೂ ಹೊರಗೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವು ವಾಸಿಯಾಗುತ್ತವೆಂದು ಜಾಹೀರಾತು ಕೊಡುವುದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ, ಅದರ ದಂಡವನ್ನು ಯಾವ ವಿಮೆಯೂ ಕಟ್ಟುವುದಿಲ್ಲ.

ಜೈಲಿನ ವಿಷಯವೂ ಹಾಗೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಸಜೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಅಲ್ಲಿ ‘ನೋಂದಾಯಿತ ವೈದ್ಯ’ ಎಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಹೆಸರಿರುವವರು ಎಂದು ವಿವರಣೆ ಕೊಟ್ಟಿದ್ದಾರೆ. ಆಯುರ್ವೇದ ಮತ್ತು ಹೋಮಿಯೋಪಥಿಯವರ ನೋಂದಣಿ ಬೇರೆ ಕಾಯ್ದೆಗಳಲ್ಲಿದೆ. ಅಕ್ಷರಶಃ ಓದಿದರೆ ಆ ಕಡಿಮೆ ಸಜೆಯ ಸಾಲು ಅವರಿಗೆ ಸಲ್ಲುವುದಿಲ್ಲ. ಪರಿಹಾರದ ಹಣವನ್ನು ವಿಮೆ ಕೊಟ್ಟೀತು, ಸಜೆಯನ್ನು ತಪ್ಪಿಸಲಾರದು.

ಯಾವ ಮಂಡಳಿಯಲ್ಲೂ ಹೆಸರಿಲ್ಲದ ಪರಂಪರೆಯ ವೈದ್ಯರ ಸ್ಥಿತಿ ಇನ್ನೂ ಬಿಗಿ. ಮಾನ್ಯ ಅರ್ಹತೆ ಇಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಕೇರಳದ ಪಾರಂಪರ್ಯ ವೈದ್ಯರ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ವೈದ್ಯರಿಗೆಂದು ಮಾಡಿದ ಪಾಲಿಸಿಯನ್ನು ಅವರಿಗೆ ಯಾರಾದರೂ ಮಾರಿದರೆ, ಆ ಕಾಗದದ ಬೆಲೆ ಪ್ರೀಮಿಯಂ ರಸೀದಿಯಷ್ಟೇ.

‘ಈಗ ಆಯುಷ್‌ಗೂ ವಿಮೆ ಬಂದಿದೆಯಲ್ಲ’

ಅದು ರೋಗಿಯ ಆರೋಗ್ಯ ವಿಮೆ. ಆಯುಷ್ ಚಿಕಿತ್ಸೆಯನ್ನು ಬೇರೆ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಕಂಪನಿಗಳಿಗೆ ಹೇಳಿತು. ರೋಗಿಯ ಬಿಲ್ಲು ತೀರಲು ಅದು ಸಹಾಯ. ವೈದ್ಯರ ಹೊಣೆಗೆ ಅದಕ್ಕೂ ಸಂಬಂಧವಿಲ್ಲ. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರಿನಲ್ಲಿ ಸಿಕ್ಕ ಜಿಎಸ್‌ಟಿ ವಿನಾಯಿತಿಯೂ ಈ ವೃತ್ತಿ ಪಾಲಿಸಿಗೆ ಬರುವುದಿಲ್ಲ.

‘ಚಿಕಿತ್ಸೆ ಕೊಟ್ಟಾಗ ಪಾಲಿಸಿ ಇತ್ತು, ಸಾಕು’

ಸಾಲದು. ಎಲ್ಲ ತಪ್ಪು ತಿಳಿವಳಿಕೆಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದು. ವಾಹನ ವಿಮೆಯಲ್ಲಿ ಅಪಘಾತವಾದ ದಿನ ಪಾಲಿಸಿ ಜೀವಂತವಿದ್ದರೆ ಆಯಿತು. ವೃತ್ತಿ ಹೊಣೆಗಾರಿಕೆಯ ವಿಮೆ ನಮ್ಮಲ್ಲಿ ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಬಗೆಯದು. ರೋಗಿ ಪರಿಹಾರ ಕೇಳಿದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಚಿಕಿತ್ಸೆ ಕೊಟ್ಟ ದಿನ ‘ರೆಟ್ರೋಆಕ್ಟಿವ್ ಡೇಟ್’ ಎಂಬ ತಾರೀಕಿನ ಈಚೆಗಿರಬೇಕು. ಎರಡೂ ಕೂಡಿಬಂದರೆ ಮಾತ್ರ ಹಣ.

2023ರ ಆಷಾಢದಲ್ಲಿ ಬಸ್ತಿ ಚಿಕಿತ್ಸೆ ಪಡೆದವರು 2025ರ ಬೇಸಿಗೆಯಲ್ಲಿ ನೋಟಿಸು ಕಳಿಸಿದರು ಎಂದುಕೊಳ್ಳೋಣ. ಗ್ರಾಹಕ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವು, ತಕ್ಕ ಕಾರಣವಿದ್ದರೆ ತಡವನ್ನೂ ಮನ್ನಿಸುತ್ತಾರೆ. ವೈದ್ಯರು 2024ರಲ್ಲಿ ರಿನ್ಯೂವಲ್ ಮರೆತಿದ್ದರೆ, 2023ರ ಪಾಲಿಸಿ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಮರೆಯದೆ ಕಂಪನಿ ಬದಲಿಸಿದ್ದರೂ ಅಪಾಯವಿದೆ. ಹೊಸ ಕಂಪನಿ ಎರಡು ಸಾವಿರ ಕಡಿಮೆಗೆ ಕೊಟ್ಟು, ರೆಟ್ರೋಆಕ್ಟಿವ್ ತಾರೀಕನ್ನು ಹೊಸ ಪಾಲಿಸಿ ಶುರುವಾದ ದಿನಕ್ಕೇ ಇಟ್ಟಿದ್ದರೆ ಹಿಂದಿನ ವರ್ಷಗಳ ರೋಗಿಗಳೆಲ್ಲ ವಿಮೆಯಿಂದ ಹೊರಗೆ. ಕಂಪನಿ ಬದಲಿಸಿ, ಆದರೆ ಹಳೆಯ ತಾರೀಕನ್ನು ಮುಂದುವರಿಸಿಕೊಡುತ್ತೇವೆಂದು ಬರಹದಲ್ಲಿ ಪಡೆದುಕೊಂಡು ಬದಲಿಸಿ. ವಯಸ್ಸಾಯಿತೆಂದು ಚಿಕಿತ್ಸಾಲಯ ಮುಚ್ಚುವವರು ಕೂಡ ಮುಚ್ಚಿದ ಮೇಲೆ ಬರಬಹುದಾದ ಕ್ಲೇಮಿಗೆ ಏನು ವ್ಯವಸ್ಥೆಯೆಂದು ಕೇಳಬೇಕು.

‘ಡಾಕ್ಟರ ಪಾಲಿಸಿಯೇ ಇಡೀ ಕೇಂದ್ರಕ್ಕೆ’

ವೈದ್ಯರ ಹೆಸರಿನ ಪಾಲಿಸಿ ವೈದ್ಯರಿಗೆ. ಎಣ್ಣೆ ಹಚ್ಚುವವರು ಥೆರಪಿಸ್ಟ್, ಸ್ವೇದನ ಪೆಟ್ಟಿಗೆಯ ಬಿಸಿ ನೋಡಿಕೊಳ್ಳುವವರು ಅಟೆಂಡರ್, ನೋಟಿಸು ಬರುವುದು ಕೇಂದ್ರದ ಹೆಸರಿಗೆ. ಕೇಂದ್ರ ಪಾಲುದಾರಿಕೆಯೋ ಕಂಪನಿಯೋ ಆಗಿದ್ದರೆ ಸಂಸ್ಥೆಯ ಹೆಸರಿನ ಪಾಲಿಸಿ ಬೇಕು, ಸಿಬ್ಬಂದಿಯ ಅರ್ಹತೆಯನ್ನು ಇದ್ದದ್ದು ಇದ್ದ ಹಾಗೆ ತಿಳಿಸಿರಬೇಕು.

ಸುಟ್ಟದ್ದಕ್ಕೂ ಜಾರಿಬಿದ್ದದ್ದಕ್ಕೂ ಬೇರೆ ಬೇರೆ ಪಾಲಿಸಿ ಎಂಬುದು ಹಲವರಿಗೆ ಹೊಸ ಸಂಗತಿ. ಪೆಟ್ಟಿಗೆಯ ಹಬೆಯಿಂದ ತೊಡೆ ಸುಟ್ಟರೆ ಅದು ಚಿಕಿತ್ಸೆಯ ದೋಷ, ವೃತ್ತಿ ಹೊಣೆಗಾರಿಕೆ ವಿಮೆಗೆ ಬರುತ್ತದೆ. ರೋಗಿಯ ಜೊತೆ ಬಂದ ತಾಯಿ ಮೆಟ್ಟಿಲಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಸೊಂಟ ಮುರಿದುಕೊಂಡರೆ ಅದು ಪಬ್ಲಿಕ್ ಲಯಬಿಲಿಟಿ. ಎಣ್ಣೆಯ ನೆಲದ ಕೇಂದ್ರಗಳಿಗೆ ಎರಡನೆಯದು ಮೊದಲನೆಯದರಷ್ಟೇ ಬೇಕು. ಸ್ವಂತ ರೋಗಿಗೆ ತಾವೇ ತಯಾರಿಸಿದ ಕಷಾಯ ಕೊಡುವುದಕ್ಕೆ ಔಷಧ ಕಾಯ್ದೆಯಲ್ಲಿ ವೈದ್ಯರಿಗೆ ರಿಯಾಯಿತಿ ಇದೆ. ಅದನ್ನೇ ಬಾಟಲಿಗೆ ತುಂಬಿ ಕೌಂಟರಿನಲ್ಲಿ ಮಾರಿದರೆ ಲೈಸೆನ್ಸೂ ಬೇಕು, ಉತ್ಪನ್ನ ಹೊಣೆಗಾರಿಕೆಯ ವಿಮೆಯೂ ಬೇಕು. ಕಟ್ಟಡ ಮತ್ತು ಸಾಮಾನಿನ ಮೌಲ್ಯ 5 ಕೋಟಿಯೊಳಗಿದ್ದರೆ 2021ರಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಸಾಕಾಗುತ್ತದೆ.

‘ಸಹಿ ಹಾಕಿಸಿಕೊಂಡಿದ್ದೇನೆ’

‘ಏನಾದರೂ ಆದರೆ ನಾನೇ ಜವಾಬ್ದಾರ’ ಎಂದು ರೋಗಿಯಿಂದ ಬರೆಸಿಕೊಂಡ ಚೀಟಿ ನಿರ್ಲಕ್ಷ್ಯವನ್ನು ಮನ್ನಿಸುವುದಿಲ್ಲ. ಅಪಾಯಗಳನ್ನು ರೋಗಿಯ ಭಾಷೆಯಲ್ಲೇ ವಿವರಿಸಿ ಪಡೆದ ಒಪ್ಪಿಗೆಗೆ ಬೆಲೆಯಿದೆ, ಚಿಕಿತ್ಸೆಯ ದಿನಚರಿ ಬರೆದಿಟ್ಟ ಕೇಸ್‌ಶೀಟಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ.

‘ಹೊರದೇಶದವರಿಗೂ ಇದೇ ಪಾಲಿಸಿ’

ಮೈಸೂರಿನ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ಊರಿಗೆ ಮರಳಿ ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡಿದರೆ? ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ವಾಟ್ಸಾಪಿನಲ್ಲಿ ಔಷಧ ಹೇಳುವವರಿಗೂ ಇದೇ ಪ್ರಶ್ನೆ. ಪಾಲಿಸಿಯಲ್ಲಿ ‘ಜ್ಯೂರಿಸ್‌ಡಿಕ್ಷನ್: ಇಂಡಿಯಾ’ ಎಂದಿದ್ದರೆ ಭಾರತದ ಕೋರ್ಟಿನ ಆದೇಶಕ್ಕೆ ಮಾತ್ರ ಹಣ. ವ್ಯಾಪ್ತಿ ಹಿಗ್ಗಿಸಿಕೊಳ್ಳಬಹುದು, ಅಮೆರಿಕ ಸೇರಿದರೆ ಪ್ರೀಮಿಯಂ ಬಹಳ ಏರುತ್ತದೆ.

‘ನೋಟಿಸು ಬಂದರೆ ಮೊದಲು ರಾಜಿ ಮಾಡಿಕೊಳ್ಳೋಣ’

ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡರೆ, ಹಣ ಕೊಟ್ಟರೆ, ತಮ್ಮದೇ ವಕೀಲರನ್ನು ಇಟ್ಟುಕೊಂಡರೆ ಕ್ಲೇಮು ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ. ವಕೀಲರ ನೋಟಿಸು ಕೈಸೇರಿದ ದಿನವೇ ಇಮೇಲಿನಲ್ಲಿ ತಿಳಿಸಬೇಕು. ಗ್ರಾಹಕ ಆಯೋಗದಲ್ಲಿ ಉತ್ತರ ಸಲ್ಲಿಸಲು 30 ದಿನ, ಮೇಲೆ 15 ದಿನ. 45 ದಿನ ದಾಟಿದರೆ ಆಯೋಗಕ್ಕೂ ವಿಸ್ತರಿಸುವ ಅಧಿಕಾರವಿಲ್ಲ ಎಂದು 2020ರಲ್ಲಿ ಸಂವಿಧಾನ ಪೀಠ ತೀರ್ಮಾನಿಸಿದೆ. ರಾಜಿ ಮಾತಿನಲ್ಲಿ ಆ ಗಡುವು ಕಳೆದವರಿಗೆ ಹೇಳಿಕೊಳ್ಳಲು ಅವಕಾಶವೇ ಉಳಿಯುವುದಿಲ್ಲ.

ಕಂಪನಿಯೇ ಅನ್ಯಾಯವಾಗಿ ತಿರಸ್ಕರಿಸಿದರೆ ಒಬ್ಬರೇ ಮಾಲೀಕರಾಗಿರುವ ಚಿಕಿತ್ಸಾಲಯಗಳೂ ಸೂಕ್ಷ್ಮ ಉದ್ಯಮಗಳೂ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಬೆಂಗಳೂರಿನಲ್ಲಿ ಕಚೇರಿ ಇದೆ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ತಿರಸ್ಕಾರ ಪತ್ರ ಬಂದ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಹಾಕಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಅರ್ಜಿಯ ಜೊತೆ ಪಾಲಿಸಿಯ ಪ್ರತಿ ಕೇಳುತ್ತಾರೆ; ನೀವು ತುಂಬಿಕೊಟ್ಟ ಪ್ರಪೋಸಲ್ ಫಾರ್ಮಿನ ಪ್ರತಿಯನ್ನೂ ಜೊತೆಗಿಟ್ಟರೆ, ಏನನ್ನು ತಿಳಿಸಿದ್ದಿರಿ ಎಂಬ ವಾದಕ್ಕೆ ಕಂಪನಿಯ ಕಡತವನ್ನೇ ನಂಬಬೇಕಾಗಿ ಬರುವುದಿಲ್ಲ.